ಅತ್ತೆಯ ‘ಮಾ’

ನನಗೆ ಒಂಬತ್ತು ಭಾಷೆ ಬರುತ್ತದೆ. ಹತ್ತನೆಯದೂ ಬರುತ್ತಿತ್ತು. ನಾನು ಆಡುವ ಸೊಗಸು ಕೇಳಿ ಆ ಭಾಷೆಯವರೇ ನಾಚಿಕೊಂಡು ಬಾಯಿ ಮುಚ್ಚಿಕೊಳ್ಳತೊಡಗಿದ್ದರಿಂದ, ಪಾಪ, ಬದುಕಿಕೊಳ್ಳಲಿ ಎಂದು ನಾನೇ ಬಿಟ್ಟುಕೊಟ್ಟೆ. ನಾನು ತೊಟ್ಟಿಲಲ್ಲಿ ಅತ್ತಾಗ ಬೀದಿಯ ನಾಲ್ಕು ಮನೆಯವರು ನಾಲ್ಕು ಭಾಷೆಯಲ್ಲಿ ‘ಬಂದೆ, ಬಂದೆ’ ಎಂದು ಓಡಿ ಬರುತ್ತಿದ್ದರಂತೆ. ನಂಬದವರು ನಮ್ಮ ಅತ್ತೆಯನ್ನು ಕೇಳಬಹುದು ಎಂದು ಮೊದಲೆಲ್ಲ ಎದೆ ತಟ್ಟಿ ಹೇಳುತ್ತಿದ್ದೆ. ಈಗ ಆ ಧೈರ್ಯವಿಲ್ಲ. ಅತ್ತೆಯನ್ನು ಏನು ಕೇಳಿದರೂ ಉತ್ತರ ಒಂದೇ: ‘ಮಾ’.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ನನ್ನನ್ನು ಸಾಕಿದವಳು, ನನಗೆ ಕಸುಬು ಕಲಿಸಿದವಳು, ದುಭಾಷಿ ಅಂಗಡಿಯ ಒಡತಿ. ಕೋರ್ಟಿಗೂ ಆಸ್ಪತ್ರೆಗೂ ನಡುವಿನ ಬೀದಿಯಲ್ಲಿ, ಬೀಗದ ಕೈ ಮಾಡುವವನ ಮಳಿಗೆಯ ಮೇಲಿನ ಮಹಡಿಯಲ್ಲಿ ನಮ್ಮ ಅಂಗಡಿ. ಬೀದಿ ಇಳಿದರೆ ಬಂದರು. ಹಡಗಿನಿಂದ ಇಳಿದವನಿಗೆ ಹಲ್ಲು ನೋವು ಬಂದರೂ, ಎಲ್ಲಿಂದಲೋ ಕೆಲಸಕ್ಕೆ ಬಂದವಳ ಮೇಲೆ ಯಜಮಾನ ಕೇಸು ಹಾಕಿದರೂ, ಇಬ್ಬರೂ ಮೊದಲು ಹತ್ತುವುದು ನಮ್ಮ ಮರದ ಮೆಟ್ಟಿಲನ್ನೇ. ಮೇಲೆ ಒಂದು ಉದ್ದ ಮೇಜು, ಒಂದಕ್ಕೊಂದು ಜೊತೆಯಾಗದ ಕುರ್ಚಿಗಳು, ಗೋಡೆಯ ತುಂಬ ಸಿಕ್ಕಸಿಕ್ಕ ಲಿಪಿಯಲ್ಲೆಲ್ಲ ಬರೆದ ‘ಒಬ್ಬೊಬ್ಬರಾಗಿ ಮಾತಾಡಿ’ ಎಂಬ ಬೋರ್ಡು. ಬೋರ್ಡು ಓದದೆ ಎಲ್ಲರೂ ಒಟ್ಟಿಗೆ ಬಾಯಿ ಬಿಟ್ಟರೆ ಅತ್ತೆ ಅಂಗೈ ಎತ್ತುತ್ತಾಳೆ. ಆ ಅಂಗೈ ಕಂಡು ಬಂದರಿನ ಹಡಗುಗಳೇ ಹಾರ್ನ್ ನಿಲ್ಲಿಸಿದ್ದುಂಟು.

ಅಲ್ಲಿ ನಾವು ನಾಲ್ಕು ಜನ. ಅತ್ತೆ. ಅವಳ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ. ಕೋರ್ಟಿನ ದುಭಾಷಿ, ಊಟಕ್ಕೆ ಕರೆದರೂ ‘ಯಾವ ಆಧಾರದ ಮೇಲೆ?’ ಎನ್ನುವವರು. ಅವಳ ಕೊನೆಯ ತಮ್ಮ, ನಮ್ಮ ಚಿಕ್ಕಪ್ಪ. ಬಂದರಿನ ದುಭಾಷಿ, ಪ್ರತಿ ಭಾಷೆಯಲ್ಲೂ ಮೊದಲು ಬೈಗುಳ ಕಲಿತು ಆಮೇಲೆ ನಮಸ್ಕಾರ ಕಲಿತವನು. ಕಡೆಯವನು, ಅಂದರೆ ಯೋಗ್ಯತೆಯಲ್ಲಿ ಮೊದಲನೆಯವನು, ನಾನು. ಮನೆಯಲ್ಲಿ ನನ್ನನ್ನು ‘ಗಿಳಿ’ ಎನ್ನುತ್ತಾರೆ. ಹೊಟ್ಟೆಕಿಚ್ಚು.

ನಮ್ಮ ಕಸುಬಿನ ಗುಟ್ಟನ್ನು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಲೆಗೆ ಹತ್ತುವುದಿಲ್ಲ. ದುಭಾಷಿಗೆ ಸ್ವಂತ ‘ನಾನು’ ಇಲ್ಲ. ‘ಇವರಿಗೆ ಹೊಟ್ಟೆ ನೋವಂತೆ ಡಾಕ್ಟರೇ’ ಎಂದು ಹೇಳಿದರೆ ಅತ್ತೆ ಕಿವಿ ಹಿಂಡುತ್ತಿದ್ದಳು. ‘ನನಗೆ ಹೊಟ್ಟೆ ನೋವು’ ಎನ್ನಬೇಕು. ರೋಗಿಯ ಮಾತು ರೋಗಿಯ ಬಾಯಿಂದ ಬಂದ ಹಾಗೇ ದಾಟಬೇಕು. ಈ ಲೆಕ್ಕದಲ್ಲಿ ನಾನು ಇದುವರೆಗೆ ಕೋರ್ಟಿನಲ್ಲಿ ನಾಲ್ಕಾರು ಕಳ್ಳತನ ಒಪ್ಪಿಕೊಂಡಿದ್ದೇನೆ, ಎರಡು ಹಡಗು ಮುಳುಗಿಸಿದ್ದೇನೆ, ಇದೇ ಆಸ್ಪತ್ರೆಯಲ್ಲಿ ಅವಳಿಜವಳಿ ಹೆತ್ತಿದ್ದೇನೆ. ಇನ್ನು ನಿಲ್ಲುವ ಜಾಗ. ಮಾತಾಡುವವರ ಬಲಭುಜದ ಹಿಂದೆ, ಅರ್ಧ ಹೆಜ್ಜೆ ತಗ್ಗಿ. ‘ಮಾತಾಡೋರಿಬ್ಬರ ಮಧ್ಯೆ ನಿನ್ನ ಮೂತಿ ತರಬೇಡ. ನೆರಳು ಎಲ್ಲಾದ್ರೂ ಎದುರಿಗೆ ಬಂದು ನಿಲ್ಲುತ್ತಾ?’ ಎಂದು ಅತ್ತೆ ನನ್ನನ್ನು ಭುಜ ಹಿಡಿದು ಆ ಜಾಗಕ್ಕೆ ಎಳೆದು ನಿಲ್ಲಿಸಿ ನಿಲ್ಲಿಸಿ, ಈಗ ಸಂತೆಯಲ್ಲಿ ಯಾರ ಜೊತೆ ನಡೆದರೂ ನನ್ನ ಕಾಲು ತಾನೇ ಹೋಗಿ ಅಲ್ಲಿ ಸೇರಿಕೊಳ್ಳುತ್ತದೆ. ಮತ್ತೆ, ಕೇಳಿದ್ದನ್ನು ದಾಟಿಸಿದ ಮೇಲೆ ಮರೆಯಬೇಕು. ‘ತಲೆ ಏನು ಛತ್ರನಾ, ಬಂದೋರೆಲ್ಲ ಉಳ್ಕೊಳ್ಳೋಕೆ?’ ಅದರಲ್ಲಂತೂ ನನ್ನನ್ನು ಮೀರಿಸಿದವರು ಹುಟ್ಟಿಲ್ಲ. ನನ್ನ ಕಿವಿಯಿಂದ ಬಾಯಿಗೆ ನೇರ ರಸ್ತೆ. ನಡುವೆ ತಲೆ ಎಂಬ ಊರು ಬರುವುದೇ ಇಲ್ಲ.

ಅತ್ತೆ ಬಿದ್ದದ್ದು ಬೆಳಿಗ್ಗೆ, ಅಂಗಡಿಯ ಬಾಗಿಲು ತೆಗೆಯುವಾಗ. ಬೀಗದ ಕೈ ಬೀಗದಲ್ಲೇ ನೇತಾಡುತ್ತಿತ್ತು, ಅವಳು ಮೆಟ್ಟಿಲ ಮೇಲೆ ಕುಸಿದಿದ್ದಳು. ಬೀಗದವನೂ ನಾನೂ ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ಓಡಿದ ವೇಗಕ್ಕೆ ದಾರಿಯಲ್ಲಿ ಎರಡು ಆಂಬುಲೆನ್ಸ್ ಹಿಂದೆ ಬಿದ್ದವು. ಡಾಕ್ಟರು ಊರಿಗೆ ಹೊಸಬರು, ನಮ್ಮ ಮಾತು ಒಂದಕ್ಷರ ಬಾರದು. ಅವರ ಭಾಷೆ ನನಗೆ ಬಾರದೆ ಇದ್ದೀತೇ? ಮಧ್ಯಾಹ್ನ ಅವರು ದೊಡ್ಡಪ್ಪ ಚಿಕ್ಕಪ್ಪನನ್ನು ಕೂರಿಸಿಕೊಂಡು, ಮಿದುಳಿನ ಎಡಭಾಗದಲ್ಲಿ ರಕ್ತ ಕಟ್ಟಿದೆ, ಬಲಗೈ ಬಲಗಾಲು ಹೋಗಿದೆ, ಮಾತು ಹೋಗಿದೆ ಎಂದು ಶುರುಮಾಡಿ ಬಹಳ ಹೊತ್ತು ವಿವರಿಸಿದರು. ನಾನು ಅವರ ಬಲಭುಜದ ಹಿಂದೆ ನಿಂತು ಒಂದು ಉಸಿರೂ ಕೆಳಗೆ ಬೀಳದ ಹಾಗೆ ದಾಟಿಸಿದೆ. ದೊಡ್ಡಪ್ಪ ಕಣ್ಣು ಮುಚ್ಚಿ ನನ್ನ ವಾಕ್ಯಗಳಲ್ಲಿ ತಪ್ಪು ಹುಡುಕಿದರು. ಚಿಕ್ಕಪ್ಪ ಡಾಕ್ಟರ ಭಾಷೆಯ ಒಂದು ಕ್ರಿಯಾಪದ ಕೇಳಿ, ಬಂದರಿನಲ್ಲಿ ಅದಕ್ಕಿರುವ ಇನ್ನೊಂದು ಅರ್ಥ ನೆನಪಾಗಿ, ಅಂಥ ಹೊತ್ತಿನಲ್ಲೂ ಮೂಗು ಒರೆಸಿಕೊಂಡು ನಕ್ಕ. ಕೊನೆಗೆ ಡಾಕ್ಟರು ನನ್ನ ಕೈ ಕುಲುಕಿ, ‘ಇಂಥ ದುಭಾಷಿಯನ್ನು ನಾನು ನೋಡಿಲ್ಲ’ ಎಂದರು. ಅವರು ಒಟ್ಟು ಏನು ಹೇಳಿದರು ಎಂದು ಮಾತ್ರ ನನ್ನನ್ನು ಕೇಳಬೇಡಿ. ಕೈ ಕುಲುಕಿದ್ದು ಚೆನ್ನಾಗಿ ನೆನಪಿದೆ.

ಪರೀಕ್ಷೆಗಳ ದಣಿವಿಗೆ ನಿದ್ದೆ ಹೋಗಿದ್ದ ಅತ್ತೆ ಸಂಜೆ ಕಣ್ಣು ಬಿಟ್ಟಳು. ಸೂರು ನೋಡಿದಳು, ಬಾಗಿಲ ಕಡೆ ನೋಡಿದಳು. ಆಮೇಲೆ ಹೇಳಿದಳು: “ಮಾ.”

ನಾವು ಮೂವರೂ ಒಟ್ಟಿಗೆ ಬಾಗಿದೆವು. ಇಷ್ಟೂ ಭಾಷೆ ತಿಂದು ಅರಗಿಸಿಕೊಂಡ ಅತ್ತೆ ಆರಿಸಿ ಆರಿಸಿ ಒಂದೇ ಒಂದು ಮಾತು ಇಟ್ಟುಕೊಂಡಿದ್ದಾಳೆ ಎಂದರೆ ಅದು ಸಾಮಾನ್ಯದ ಮಾತಾಗಿರಲಾರದು. ಆದರೆ ಯಾವ ಭಾಷೆಯದು?

ಮೂರನೆಯ ದಿನ ಬೆಳಿಗ್ಗೆ ಅವಳ ಮಗಳು ಬಂದಳು. ನನಗಿಂತ ದೊಡ್ಡವಳು, ನಾನು ಅಕ್ಕ ಎನ್ನುತ್ತೇನೆ. ದೂರದ ಪಟ್ಟಣದಲ್ಲಿ ಕಾರು ಓಡಿಸುವುದನ್ನು ಕಲಿಸುವ ಶಾಲೆ ನಡೆಸುತ್ತಾಳೆ. ದುಭಾಷಿಯ ಹೊಟ್ಟೆಯಲ್ಲಿ ಹುಟ್ಟಿಯೂ ಹಟಕ್ಕೆ ಬಿದ್ದು ಎರಡನೆಯ ಭಾಷೆ ಕಲಿಯಲಿಲ್ಲ. ‘ಅಮ್ಮ ಊರೋರ ಮಾತೆಲ್ಲ ಆಡ್ತಾಳೆ, ತನ್ನದೊಂದು ಬಿಟ್ಟು’ ಎಂದು ಚಿಕ್ಕಂದಿನಲ್ಲೇ ಅಂದವಳು. ಅವಳು ವಾರ್ಡಿನ ಬಾಗಿಲು ದಾಟುತ್ತಿದ್ದಂತೆ ಅತ್ತೆಯ ಮುಖ ಅರಳಿತು. ಎಡಗೈ ಚಾಚಿ, ಮೆಲ್ಲಗೆ, “ಮಾ” ಎಂದಳು. ಅಕ್ಕ ಓಡಿ ಬಂದು ಆ ಕೈ ಹಿಡಿಯುವಷ್ಟರಲ್ಲಿ ದೊಡ್ಡಪ್ಪ, “ಬಾಮ್ಮ, ಬಾ, ದಾರಿಗೆ ಅಡ್ಡ ನಿಲ್ಲಬೇಡ” ಎಂದು ಅವಳನ್ನು ಮಂಚ ಬಳಸಿ ಕರೆತಂದು ನಮ್ಮ ಬೆಂಚಿನ ಮೇಲೆ ಕೂರಿಸಿಕೊಂಡರು. ಬೆಂಚು ಇದ್ದದ್ದು ಗೋಡೆಯ ಪಕ್ಕ, ಅತ್ತೆಯ ಬಲಭುಜಕ್ಕೆ ಅರ್ಧ ಹೆಜ್ಜೆ ಹಿಂದೆ. ನಾವೇ ಅದನ್ನು ಅಲ್ಲಿಗೆ ಎಳೆದು ಹಾಕಿಕೊಂಡಿದ್ದೆವು. ಅತ್ತೆ ಬಾಗಿಲ ಕಡೆ ನೋಡಿ, ಸೂರು ನೋಡಿ, “ಮಾ! ಮಾ!” ಎಂದು ಕಿರುಚಿದಳು.

“ನೋಡಿದ್ಯಾ? ನಿನ್ನ ಕಂಡು ಸಿಟ್ಟಾದಳು,” ಎಂದರು ದೊಡ್ಡಪ್ಪ. “ಇದು ಸಾಕ್ಷಿ.”

“ಸಿಟ್ಟು ಯಾಕೆ ದೊಡ್ಡ ಮಾವ? ನಾನೇನು ಮಾಡ್ದೆ?”

“ಅದನ್ನ ಅವಳೇ ಹೇಳ್ತಾ ಇದ್ದಾಳಲ್ಲ.”

“ಏನಂತ?”

ಅಲ್ಲಿಂದ ಶುರುವಾಯಿತು. ಊರಿನಲ್ಲಿ ಆ ವಾರ ನಡೆದ ಅತಿ ದೊಡ್ಡ ವಿದ್ವತ್ ಸಭೆ ಅದು. ಬೆಂಚಿನ ಉದ್ದ ನಾಲ್ಕು ಆಳು.

ದೊಡ್ಡಪ್ಪ ಸಂಸ್ಕೃತದಿಂದ ಹೊರಟರು. ಅಲ್ಲಿ ‘ಮಾ’ ಎಂದರೆ ‘ಬೇಡ, ಕೂಡದು’. ಬಂದವರನ್ನು ತಡೆದು ನಿಲ್ಲಿಸುವ ಮಾತು.

“ಆದ್ರೆ ಅದರ ಜೊತೆ ಕ್ರಿಯಾಪದ ಬೇಕಲ್ಲ ಅಣ್ಣಾ,” ಎಂದ ಚಿಕ್ಕಪ್ಪ. “ಬರೀ ‘ಬೇಡ’ ಅಂದ್ರೆ ಏನು ಬೇಡ? ಹೋಗೋದು ಬೇಡವೋ, ಇರೋದು ಬೇಡವೋ, ಇಲ್ಲಿನ ಗಂಜಿ ಬೇಡವೋ?”

“ಕ್ರಿಯಾಪದ ಅಧ್ಯಾಹಾರ. ಕೇಳಿದೋರೇ ತುಂಬಿಕೊಳ್ಳಬೇಕು.”

“ನಿನಗೆ ಬೇಕಾದ್ದು ಸಿಗದೆ ಇದ್ರೆ ಅಧ್ಯಾಹಾರ! ಹಂಗೇರಿಯವರ ಭಾಷೇಲಿ ‘ಮಾ’ ಅಂದ್ರೆ ‘ಇವತ್ತು’. ಕ್ರಿಯಾಪದದ ಹಂಗಿಲ್ಲ, ಒಂಟಿಯಾಗಿ ನಿಲ್ಲುತ್ತೆ. ‘ಯಾವಾಗ ಹೋಗ್ತೀಯಾ?’ ‘ಇವತ್ತು.’ ಮುಗೀತು.”

“ಹಂಗೇರಿಯವರ ಭಾಷೆಗೆ ನೆಂಟರಿಷ್ಟರು ಯಾರೂ ಇಲ್ವಾ?” ಎಂದರು ದೊಡ್ಡಪ್ಪ. “ಫಿನ್‌ಲ್ಯಾಂಡಿನೋರು ಅವರ ದೂರದ ನೆಂಟರು ತಾನೆ? ಅಲ್ಲಿ ಏನು?”

“ಎಳೆದು ಹೇಳಿದ್ರೆ ‘ನೆಲ’, ‘ನಾಡು’. ಅದಕ್ಕೆ ನಮ್ಮ ಹಾಗೇ ವಿಭಕ್ತಿ ಬಾಲ ಅಂಟುತ್ತೆ.”

“ನೆಂಟರಲ್ಲೇ ಒಬ್ಬ ಇವತ್ತು ಅಂತಾನೆ, ಒಬ್ಬ ನೆಲ ಅಂತಾನಾ?”

“ನೆಂಟರು ಅಂದ್ನಲ್ಲ. ಮಾತು ಕೂಡಿದ್ರೆ ನೆಂಟರು ಹೇಗಾದಾರು?”

ನಾನು ಸುಮ್ಮನಿರುವ ಜಾತಿಯಲ್ಲ. ಇಟಲಿಯವರ ‘ಮಾ’ ತಂದಿಟ್ಟೆ: ‘ಆದರೆ’. ವಾಕ್ಯದ ತಲೆಯ ಮೇಲೆ ಕೂತುಕೊಂಡು ಹಿಂದೆ ಹೇಳಿದ್ದಕ್ಕೆಲ್ಲ ತಕರಾರು ತೆಗೆಯುವ ಪದ. ಚೀನೀಯರದು ತದ್ವಿರುದ್ಧ, ವಾಕ್ಯದ ಬಾಲಕ್ಕೆ ಅಂಟುತ್ತದೆ. ಅಂಟಿದ ಕೂಡಲೇ ಹೇಳಿದ್ದೆಲ್ಲ ಪ್ರಶ್ನೆಯಾಗುತ್ತದೆ. ಅದೇ ‘ಮಾ’ವನ್ನು ದನಿ ಏರಿಸಿ ಇಳಿಸಿ ಆಡಿದರೆ ತಾಯಿ, ಸೆಣಬು, ಕುದುರೆ, ಬೈಗುಳ. ವಿಯೆಟ್ನಾಮಿನವರಲ್ಲಿ ಸಪಾಟಾಗಿ ಹೇಳಿದರೆ ದೆವ್ವ. ಅರಬ್ಬಿಯಲ್ಲಿ ಒಂದು ಕಡೆ ‘ಏನು’, ಇನ್ನೊಂದು ಕಡೆ ‘ಇಲ್ಲ’.

ಅಕ್ಕ ನಮ್ಮ ಮೂವರ ಮುಖವನ್ನೂ ಸರದಿಯ ಮೇಲೆ ನೋಡಿದಳು. “ಅಂದ್ರೆ ಅಮ್ಮ ‘ಇವತ್ತು ಬೇಡ, ಆದ್ರೆ ನೆಲದ ಮೇಲೆ ಕುದುರೆ ದೆವ್ವ ಇಲ್ಲವಾ, ಏನು?’ ಅಂತ ಕೇಳ್ತಾ ಇದ್ದಾಳಾ?”

“ತಮಾಷೆ ಅಲ್ಲಮ್ಮ ಇದು,” ಎಂದರು ದೊಡ್ಡಪ್ಪ.

“ನಮ್ಮ ಮಾತಲ್ಲೇ ಇರಬಾರದಾ? ಮಾತ್ರೆ ಅಂತಲೋ, ಮಾವ ಅಂತಲೋ…”

“ಅವಳು ನನ್ನನ್ನ ಯಾಕೆ ಮಾವ ಅಂತಾಳೆ? ನಾನು ಅವಳ ಅಣ್ಣ!”

“ಮಾಮರದಲ್ಲಿ ‘ಮಾ’ ಅಂದ್ರೆ ಮಾವು,” ಎಂದೆ ನಾನು, ಬಿಟ್ಟುಹೋಗಬಾರದೆಂದು. “ಆದ್ರೆ ನಮ್ಮಲ್ಲಿ ಅದು ಒಂಟಿಯಾಗಿ ನಿಲ್ಲಲ್ಲ. ಮರ ಬೇಕು.”

“ನಿನಗೆ ಬೇಕು ಮರ, ಗಿಳಿ. ಹೋಗಿ ಅದರ ಮೇಲೆ ಕೂತ್ಕೋ,” ಎಂದಳು ಅಕ್ಕ.

ಅತ್ತೆ ಅಷ್ಟೂ ಹೊತ್ತು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಎಡಗಡೆಯ ಖಾಲಿ ಮಂಚವನ್ನೂ, ಅದರಾಚೆಯ ಬಾಗಿಲನ್ನೂ ನೋಡುತ್ತ, ನಮ್ಮ ದನಿ ಏರಿದಾಗಲೆಲ್ಲ ಕಣ್ಣು ಅಗಲಿಸಿ ‘ಮಾ’ ಎನ್ನುತ್ತಿದ್ದಳು. ನರ್ಸ್ ಬಂದು ಆ ಕಡೆಯಿಂದ ನೀರು ಕುಡಿಸಿದರೆ ಮಾತ್ರ ಮಗುವಿನಂತೆ ಸುಮ್ಮನಾಗುತ್ತಿದ್ದಳು. ‘ಹೊರಗಿನವರ ಮುಂದೆ ಮನೆ ಮಾತು ಆಡಲ್ಲ, ಅದೇ ಅವಳ ಘನತೆ’ ಎಂದು ನಾವು ಮೆಚ್ಚಿಕೊಂಡೆವು.

ಇದು ಬರೀ ಪಾಂಡಿತ್ಯದ ಜಗಳವಾಗಿದ್ದರೆ ನಾನು ಆನಂದವಾಗಿ ವರ್ಷಗಟ್ಟಲೆ ಆಡುತ್ತಿದ್ದೆ. ಆದರೆ ಡಾಕ್ಟರು ಗಡುವು ಇಟ್ಟಿದ್ದರು. ಅಕ್ಕನ ಪಟ್ಟಣದಲ್ಲಿ, ಹೀಗೆ ಮಾತು ಹೋದವರಿಗೆ ಅದನ್ನು ಮತ್ತೆ ಕಲಿಸುವ ಆಸ್ಪತ್ರೆಯಿದೆ. ಅಲ್ಲಿ ಒಂದು ಹಾಸಿಗೆ ಖಾಲಿಯಾಗಿದೆ. ಗಾಡಿ ಸಂಜೆ ಬರುತ್ತದೆ. ಅತ್ತೆ ಹೋಗದಿದ್ದರೆ ಹಾಸಿಗೆ ಬೇರೆಯವರ ಪಾಲು. ಬೇಗ ಶುರುಮಾಡಿದಷ್ಟೂ ಮಾತು ಮರಳುವ ಆಸೆ ಹೆಚ್ಚು. ಹೋದರೆ ತಿಂಗಳುಗಟ್ಟಲೆ ಅಲ್ಲೇ, ಆಮೇಲೆ ಮಗಳ ಮನೆಯಲ್ಲಿ. ಇಲ್ಲವೆಂದರೆ ವಾರ ಕಳೆದು ಅಂಗಡಿಯ ಹಿಂದಿನ ನಮ್ಮ ಮನೆಗೆ.

“ತೀರ್ಮಾನ ನಿಮ್ಮದಲ್ಲ, ಅವರದು,” ಎಂದು ಡಾಕ್ಟರು ನಮ್ಮನ್ನೆಲ್ಲ ಬೆರಳು ತೋರಿಸಿ ಹೇಳಿದ್ದರು. “ಅವರಿಗೆ ಬುದ್ಧಿ ಸರಿಯಾಗಿದೆ. ಅವರಿಂದ ಹೌದು ಅಂತಲೋ ಅಲ್ಲ ಅಂತಲೋ ಪಡೆಯಿರಿ. ಸಂಜೆ ಬರುತ್ತೇನೆ.”

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ನಮ್ಮದು ಮೂರು ದಿಕ್ಕು. ಅತ್ತೆ ಇಲ್ಲದಿದ್ದರೆ ಅಂಗಡಿಯ ಮುಂದಿನ ಕುರ್ಚಿಯಲ್ಲಿ ತಾನು ಕೂರಬೇಕಾಗುತ್ತದೆ, ಬಂದವರನ್ನೆಲ್ಲ ನಗುಮುಖದಿಂದ ಮಾತಾಡಿಸಬೇಕಾಗುತ್ತದೆ ಎಂದು ದೊಡ್ಡಪ್ಪನಿಗೆ ನಡುಕ. ಅದಕ್ಕೇ ‘ಬೇಡ’. ಚಿಕ್ಕಪ್ಪನಿಗೆ ಹಿಂದೊಮ್ಮೆ ಹಡಗಿನಲ್ಲಿ ಜೊತೆಗಾರನೊಬ್ಬ ಹೀಗೇ ಬಿದ್ದು, ತಡವಾಗಿ ದಡ ಸೇರಿ, ಮತ್ತೆ ಬಾಯಿ ಬಿಡದೆ ಹೋದದ್ದು ನೆನಪು. ಅದಕ್ಕೇ ‘ಇವತ್ತು’. ನನಗೆ? ನಾನು ಹುಟ್ಟಿದ ಮೇಲೆ ಒಂದು ದಿನವೂ ಅತ್ತೆ ಇಲ್ಲದ ಮನೆಯಲ್ಲಿ ಎದ್ದಿಲ್ಲ. ಹೋಗಲಿ ಎನ್ನುವಷ್ಟು ದೊಡ್ಡವನೂ ಅಲ್ಲ, ಇರಲಿ ಎನ್ನುವಷ್ಟು ಕೆಟ್ಟವನೂ ಅಲ್ಲ. ‘ಆದರೆ’ ನನಗೆ ಹೇಳಿ ಮಾಡಿಸಿದ ಹಾಗಿತ್ತು.

ಕೇಳಿ ನೋಡಲಿಲ್ಲವೇ ಎಂದರೆ, ಕೇಳಿದೆವು. ಬೆಂಚಿನಿಂದ ಒಬ್ಬೊಬ್ಬರೂ ಅವಳ ಭುಜದ ಹಿಂದಿನಿಂದ ಬಾಗಿ ಕೇಳಿದೆವು. “ಅತ್ತೆ, ಹೋಗ್ತೀಯಾ? ಹೌದಾದ್ರೆ ಒಂದು ಸಲ ಅನ್ನು, ಅಲ್ಲ ಅಂದ್ರೆ ಎರಡು ಸಲ.” ಅವಳು ಬಾಗಿಲ ಕಡೆ ನೋಡಿಕೊಂಡು ಒಮ್ಮೆ ಒಂದು ಸಲ ಅಂದಳು, ಒಮ್ಮೆ ಐದಾರು ಸಲ, ಒಮ್ಮೆ ಕಣ್ಣು ತುಂಬಿಕೊಂಡು ಸುಮ್ಮನಾದಳು. ಬಾಗಿಲು ನೋಡುತ್ತಾಳೆ ಎಂದರೆ ಹೊರಡುವ ಆಸೆ ಎಂದ ಚಿಕ್ಕಪ್ಪ. ಬಾಗಿಲು ನೋಡಿ ಅಳುತ್ತಾಳೆ ಎಂದರೆ ಹೊರಡುವ ಭಯ ಎಂದರು ದೊಡ್ಡಪ್ಪ. “ಬ್ರೇಕ್ ಹಾಕ್ರೋ ಸಾಕು!” ಎಂದು ಅಕ್ಕ ಎದ್ದುಬಿಟ್ಟಳು. “ಅವಳಿಗೆ ತಲೆ ನೋಯ್ತಾ ಇರಬೇಕು ನಿಮ್ಮ ಗಲಾಟೆಗೆ. ನನಗಂತೂ ನೋಯ್ತಾ ಇದೆ.” ಮೂವರೂ ಜಗಳವಾಡುತ್ತಲೇ ಚಹಾ ಕುಡಿಯಲು ಹೊರಗೆ ಹೋದರು. ಅತ್ತೆಯ ಬಲಭುಜದ ಹಿಂದೆ ನಾನೊಬ್ಬನೇ ಉಳಿದೆ.

ಆಗ ಪಾಳಿ ಬದಲಾಯಿತು. ಹೊಸ ನರ್ಸಮ್ಮ ಬಂದರು. ಡಾಕ್ಟರ ಊರಿನವರೇ, ಅದೇ ಭಾಷೆ, ಆಳೆತ್ತರದ ಹೆಂಗಸು. ಮಂಚದ ಕಾಲಡಿ ನಿಂತು, “ಹೇಗಿದ್ದೀರಿ? ಏನಾಗ್ತಿದೆ?” ಎಂದು ಕೇಳಿದರು.

ಕಸುಬು ಎಂದರೆ ಕಸುಬು. ನಾನು ಅರ್ಧ ಹೆಜ್ಜೆ ಹಿಂದೆ ಸರಿದು, ಬಾಗಿ, ಅತ್ತೆಗೆ ನಮ್ಮ ಮಾತಿನಲ್ಲಿ ಹೇಳಿದೆ: “ಹೇಗಿದ್ದೀರಿ? ಏನಾಗ್ತಿದೆ?”

“ಮಾ,” ಎಂದಳು ಅತ್ತೆ.

ನರ್ಸಮ್ಮನಿಗೆ ‘ಮಾ’ ಎಂದು ಕೊಟ್ಟರೆ ನನ್ನ ಹೆಸರು ಉಳಿಯುತ್ತದೆಯೇ? ಅತ್ತೆಯ ಸ್ಥಿತಿಯನ್ನೆಲ್ಲ ಅರೆದು ಅದರೊಳಗೆ ತುಂಬಿ, ಅವರ ಭಾಷೆಯಲ್ಲಿ ಸ್ಪಷ್ಟವಾಗಿ ಹೇಳಿದೆ: “ನನ್ನ ಬಲಗೈ ಏಳುತ್ತಿಲ್ಲ. ಬಲಗಾಲಲ್ಲಿ ಬಲವಿಲ್ಲ. ತಲೆ ಭಾರ. ಹೇಳಬೇಕಾದ ಮಾತು ಬಾಯಿಗೆ ಬರುತ್ತಿಲ್ಲ.”

ನರ್ಸಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಿದ್ದೆಯಿಲ್ಲದ ಕಣ್ಣು, ಕೆದರಿದ ತಲೆ, ಗೋಡೆಗೆ ಒರಗಿದ ಭಂಗಿ. “ಯಾವಾಗಿನಿಂದ?”

“ಯಾವಾಗಿನಿಂದ?” ಎಂದೆ ಅತ್ತೆಗೆ.

“ಮಾ.”

“ಮೊನ್ನೆ ಬೆಳಿಗ್ಗೆಯಿಂದ,” ಎಂದೆ ನರ್ಸಮ್ಮನಿಗೆ.

“ಮೊನ್ನೆಯಿಂದಲಾ! ಮತ್ತೆ ಹೀಗೆ ನಿಂತಿದ್ದೀರಲ್ಲ? ಕೂತ್ಕೊಳ್ಳಿ ಮೊದಲು!”

“ಕೂತ್ಕೊಳ್ಳಿ ಮೊದಲು,” ಎಂದೆ ಅತ್ತೆಗೆ.

“ಏನು ಗೊಣಗ್ತಿದ್ದೀರಿ? ನಾನು ನಿಮಗೇ ಹೇಳ್ತಿರೋದು!”

“ನಾನು ನಿಮಗೇ ಹೇಳ್ತಿರೋದು,” ಎಂದು ಅತ್ತೆಗೆ ದಾಟಿಸುತ್ತಿದ್ದ ಹಾಗೆಯೇ ನರ್ಸಮ್ಮ ಬಂದು ನನ್ನ ರಟ್ಟೆ ಹಿಡಿದರು. ನಾನು ಒಂದು ಕಾಲದಲ್ಲಿ ಬಂದರಿನ ಕ್ರೇನಿನ ಜೊತೆ ಪಂಜ ಕುಸ್ತಿ ಆಡಿ ಸಮ ಮಾಡಿಕೊಂಡವನು, ಆದರೂ ಆ ಹಿಡಿತ ಬಿಡಿಸಿಕೊಳ್ಳಲಾಗಲಿಲ್ಲ. ಮಂಚ ಬಳಸಿ ಎಳೆದೊಯ್ದು, ಎಡಗಡೆಯ ಖಾಲಿ ಮಂಚದ ಮೇಲೆ ಮಲಗಿಸಿ, ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರು. ಮುಳ್ಳು ನೋಡಿ ಅವರ ಹುಬ್ಬು ಮೇಲೇರಿತು.

“ಇಷ್ಟು ರಕ್ತದೊತ್ತಡ ಇಟ್ಕೊಂಡು ನೀವು ಬದುಕಿರೋದೇ ಆಶ್ಚರ್ಯ. ಏಳಬೇಡಿ!”

ನನ್ನ ರಕ್ತದ ಬಿರುಸು ಅಂಥದ್ದು, ಅವರಿಗೇನು ಗೊತ್ತು. ‘ಅಮ್ಮಾ, ನಾನು ದುಭಾಷಿ’ ಎಂದು ಹೇಳಲು ಬಾಯಿ ತೆರೆದೆ. ಆದರೆ ‘ನಾನು’ ಎನ್ನುತ್ತಿದ್ದಂತೆ, ಯಾರ ನಾನು ಎಂದು ನನಗೇ ಗೊಂದಲವಾಗಿ ಬಾಯಿ ಮುಚ್ಚಿದೆ. ಅವರು ಡಾಕ್ಟರನ್ನು ಕರೆಯಲು ಓಡಿದರು. ನಾನು ಮಗ್ಗುಲಾದೆ.

ಎದುರಿಗೆ ಅತ್ತೆ.

ಬಿದ್ದ ದಿನದಿಂದ ಅವಳ ಮುಖವನ್ನು ನಾನು ನೇರ ನೋಡಿರಲಿಲ್ಲ. ಕಿವಿ ನೋಡಿದ್ದೆ, ಕೆನ್ನೆಯ ಅಂಚು ನೋಡಿದ್ದೆ. ಈಗ ಕಣ್ಣು ಕಂಡಿತು, ಆ ಕಣ್ಣಿಗೆ ನಾನು ಕಂಡೆ. ಅವಳು ನನ್ನನ್ನು ಕಾಲಿನಿಂದ ತಲೆಯವರೆಗೆ ನಿಧಾನವಾಗಿ ನೋಡಿದಳು. ಚಪ್ಪಲಿ ಹಾಕಿಕೊಂಡೇ ಹಾಸಿಗೆ ಹತ್ತಿದ್ದನ್ನೂ ನೋಡಿದಳು. ಆಮೇಲೆ ಎಡಗೈ ಚಾಚಿದಳು. ಎರಡು ಮಂಚದ ನಡುವೆ ಒಂದು ಕೈಯಳತೆ. ನನ್ನ ಕಿವಿ ಸಿಕ್ಕಿತು, ಹಿಡಿದುಕೊಂಡಳು.

“ಮಾ,” ಎಂದಳು. “ಮಾ ಮಾ ಮಾ? ಮಾ! ಮಾ ಮಾ.”

ಬೇಡ, ಇವತ್ತು, ಆದರೆ, ನೆಲ, ಕುದುರೆ, ಒಂದೂ ನನ್ನ ನೆನಪಿಗೆ ಬರಲಿಲ್ಲ. ಆ ದನಿ ನನಗೆ ಚೆನ್ನಾಗಿ ಗೊತ್ತು. ಶಾಲೆ ತಪ್ಪಿಸಿ ಬಂದರಿನಲ್ಲಿ ಅಲೆದು ದೀಪ ಹಚ್ಚಿದ ಮೇಲೆ ಮನೆಗೆ ಬಂದರೆ ಬಾಗಿಲಲ್ಲಿ ಕಾಯುತ್ತಿದ್ದ ದನಿ. ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟು ದಿನ?

“ಇಲ್ಲೇ ಇದ್ದೆ ಅತ್ತೆ,” ಎಂದೆ. “ನಿನ್ನ ಬೆನ್ನ ಹಿಂದೇನೇ ಇದ್ದೆ.”

ಅವಳು ಕಿವಿ ಇನ್ನಷ್ಟು ಹಿಂಡಿದಳು.

ಡಾಕ್ಟರು ನರ್ಸಮ್ಮನ ಜೊತೆ ಬಂದರು, ಅವರ ಹಿಂದೆಯೇ ಚಹಾ ಮುಗಿಸಿದ ಮೂವರು. ಡಾಕ್ಟರು ನನ್ನನ್ನು ನೋಡಿದರು, ಅತ್ತೆಯ ಕೈಯಲ್ಲಿದ್ದ ನನ್ನ ಕಿವಿ ನೋಡಿದರು, ನಕ್ಕರು. “ಅಂತೂ ಒಬ್ಬರಾದರೂ ನಾನು ಹೇಳಿದ ಜಾಗಕ್ಕೆ ಬಂದ್ರಲ್ಲ.”

ಅಭ್ಯಾಸ ಬಲ, ಮಲಗಿದಲ್ಲಿಂದಲೇ ಮನೆಯವರಿಗೆ ದಾಟಿಸಿದೆ: “ಅಂತೂ ಒಬ್ಬರಾದರೂ ನಾನು ಹೇಳಿದ ಜಾಗಕ್ಕೆ ಬಂದ್ರಲ್ಲ.”

“ನೀನು ಯಾವ ಜಾಗ ಹೇಳಿದ್ಯೋ?” ಎಂದಳು ಅಕ್ಕ. “ನೀನ್ಯಾಕೋ ಮಲಗಿದ್ದೀಯ?”

ಡಾಕ್ಟರು ಮುಂದುವರಿಸಿದರು, ನಾನೂ ಮುಂದುವರಿಸಿದೆ: “ಮೊದಲ ದಿನವೇ ಹೇಳಿದ್ದೆ. ಅವರಿಗೆ ಬಲಗಡೆಯ ಅರ್ಧ ಲೋಕ ಕಾಣಲ್ಲ. ಎರಡೂ ಕಣ್ಣಿಗೂ ಕಾಣಲ್ಲ. ಬಲಗಡೆ ಅಂತ ಒಂದು ಇದೆ ಅನ್ನೋದೇ ಸದ್ಯ ಅವರ ಗಮನಕ್ಕೆ ಬರಲ್ಲ. ಎಡಗಡೆ ಬನ್ನಿ, ಎದುರಿಗೆ ನಿಲ್ಲಿ, ಒಬ್ಬರೇ ಮಾತಾಡಿ, ಸಣ್ಣ ಪ್ರಶ್ನೆ ಕೇಳಿ ಅಂದಿದ್ದೆ. ನೀವು ಬೆಂಚು ತಗೊಂಡು ಹೋಗಿ ಸರಿಯಾಗಿ ಕಾಣದ ಕಡೆಗೇ ಹಾಕ್ಕೊಂಡ್ರಿ. ಬರೀ ದನಿ ಕೇಳುತ್ತೆ, ಮನುಷ್ಯರಿಲ್ಲ. ಯಾರಿಗಾದ್ರೂ ಹೆದರಿಕೆ ಆಗಲ್ವಾ?”

“ಅಯ್ಯೋ, ಇಷ್ಟು ಗೊತ್ತಿದ್ದೂ ಯಾಕೋ ಬಾಯಿ ಬಿಡಲಿಲ್ಲ ನೀನು!” ಅಕ್ಕ ಹೊಡೆಯಲು ಕೈ ಎತ್ತಿದಳು.

“ನಾನಲ್ಲ, ಡಾಕ್ಟರು ಹೇಳ್ತಿರೋದು!”

“ಡಾಕ್ಟರು ಹೇಳಿದ್ದನ್ನ ನಮಗೆ ದಾಟಿಸಿದ್ದು ಯಾರು?” ಎಂದು ದೊಡ್ಡಪ್ಪ ಕಣ್ಣು ಕಿರಿದು ಮಾಡಿ ನನ್ನನ್ನು ಕೇಳಿದರು.

“ನಾನೇ. ಕೇಳಿಸಿಕೊಂಡದ್ದು ಯಾರು?”

ದೊಡ್ಡಪ್ಪ ಸೂರು ನೋಡಿದರು. ಚಿಕ್ಕಪ್ಪ ಮೂಗು ಒರೆಸಿಕೊಂಡ. “ನನಗೆ ಆ ಕ್ರಿಯಾಪದ ಒಂದು ನೆನಪಿದೆ,” ಎಂದ.

ನರ್ಸಮ್ಮ ನಮ್ಮ ಮನೆ ಜಗಳ ಒಂದೂ ತಿಳಿಯದೆ, ನನ್ನ ಹಣೆ ಮುಟ್ಟಿ ನೋಡಿದರು.

ಆಮೇಲೆ ಎಲ್ಲರೂ ಒಟ್ಟಿಗೆ ಎಡಗಡೆಗೆ ನುಗ್ಗಿದರು. ನನ್ನ ಕಾಲ ಮೇಲೆ ಚಿಕ್ಕಪ್ಪ ಕೂತ. ಮೂರು ಬಾಯಿಂದ ಮೂರು ಪ್ರಶ್ನೆ ಹೊರಟವು. ಅತ್ತೆ ನನ್ನ ಕಿವಿ ಬಿಟ್ಟು ಅಂಗೈ ಎತ್ತಿದಳು. ಅದೇ ಅಂಗೈ. ವಾರ್ಡಿನ ಆ ತುದಿಯ ರೋಗಿಗಳೂ ಕೆಮ್ಮು ನಿಲ್ಲಿಸಿದರು. ಅತ್ತೆ ಒಬ್ಬೊಬ್ಬರನ್ನಾಗಿ ನೋಡುತ್ತ ಬಂದು ಮಗಳ ಮೇಲೆ ನಿಂತಳು.

ಅಕ್ಕ ಅವಳ ಮುಖದ ಎದುರು ಮೊಣಕಾಲೂರಿ ಕೂತಳು. ತನ್ನ ಬೆರಳನ್ನು ಅವಳ ಎಡಗೈಯಲ್ಲಿಟ್ಟಳು. “ಅಮ್ಮಾ. ನನ್ನ ಜೊತೆ ಬರ್ತೀಯಾ? ಹೌದಾದ್ರೆ ಒತ್ತು.”

ಅತ್ತೆ ಒತ್ತಿದಳು. ಅಕ್ಕನ ಬೆರಳ ತುದಿ ಬಿಳಚಿಕೊಂಡದ್ದು ನನಗೆ ಮಲಗಿದಲ್ಲಿಗೇ ಕಂಡಿತು.

“ತಿರುಗಿಸಿ ಕೇಳಿ,” ಎಂದರು ಡಾಕ್ಟರು. ನಾನು ದಾಟಿಸುವ ಮೊದಲೇ ಅಕ್ಕನಿಗೆ ಅರ್ಥವಾಗಿತ್ತು.

“ಇಲ್ಲೇ ಇರ್ತೀಯಾ ಅಮ್ಮಾ? ಅಂಗಡೀಲಿ?”

ಅತ್ತೆ ಕೈ ಸಡಿಲಿಸಿದಳು. ನನ್ನ ಕಡೆ ಒಮ್ಮೆ ನೋಡಿದಳು, ತುಸು ಹೊತ್ತು. ಕೈ ಸಡಿಲವಾಗಿಯೇ ಇತ್ತು.

“ಯಾರ ಒತ್ತಾಯವೂ ಇಲ್ಲದೆ, ಸ್ವಂತ ಬುದ್ಧಿಯಿಂದ…” ಎಂದು ದೊಡ್ಡಪ್ಪ ಶುರುಮಾಡಿದರು. ಅತ್ತೆ ಅವರತ್ತ ಬೀರಿದ ನೋಟಕ್ಕೆ ಯಾವ ಭಾಷೆಯೂ ಬೇಕಾಗಿರಲಿಲ್ಲ. ಅವರು ಉಳಿದದ್ದನ್ನು ನುಂಗಿಕೊಂಡರು.

“ಅಮ್ಮ ಏನಂದ್ಲು ಅಂತ ಡಾಕ್ಟರಿಗೆ ಹೇಳೋ, ಗಿಳಿ,” ಎಂದಳು ಅಕ್ಕ.

ಡಾಕ್ಟರಿಗೆ ಎಲ್ಲ ಕಂಡಿತ್ತು. ಆದರೂ ಕಾದರು, ನಿಯಮದ ಮನುಷ್ಯ. ನಾನು ಆಡದ ಭಾಷೆಯಿಲ್ಲ, ದಾಟಿಸದ ಮಾತಿಲ್ಲ. ಹಡಗು ಮುಳುಗಿಸಿದಾಗಲೂ ನನ್ನ ನಾಲಗೆ ತಡವರಿಸಿರಲಿಲ್ಲ. ಆ ಎರಡು ಪದ ಬರಲು ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು. ಅವರ ಭಾಷೆಯಲ್ಲಿ, ನಿಯಮದಂತೆ ಹೇಳಿದೆ: “ನಾನು ಹೋಗ್ತೀನಿ.”

“ನೀವು ಎಲ್ಲಿಗೂ ಹೋಗಲ್ಲ,” ಎಂದರು ನರ್ಸಮ್ಮ, ನನ್ನ ಎದೆಯ ಮೇಲೆ ಕೈಯಿಟ್ಟು. “ಒತ್ತಡ ಇಳಿಯೋ ತನಕ ಮಲಗಿ.”

ಗಾಡಿ ಬಂತು. ಅತ್ತೆಯನ್ನು ಗಾಲಿ ಮಂಚಕ್ಕೆ ಎತ್ತಿದರು. ದೊಡ್ಡಪ್ಪ ಅವಳ ಬಟ್ಟೆಯ ಗಂಟು ಹಿಡಿದುಕೊಂಡರು, ಚಿಕ್ಕಪ್ಪ ಅವಳ ಚಪ್ಪಲಿ. ನಾನು ಏಳಲು ನೋಡಿದರೆ ನರ್ಸಮ್ಮನ ಕೈ ನನ್ನ ಎದೆಯಿಂದ ಏಳಲಿಲ್ಲ. ಗಾಲಿ ಮಂಚ ನನ್ನನ್ನು ದಾಟಿ ಬಾಗಿಲ ಕಡೆ ತಿರುಗಿತು. ತಿರುಗಿದ್ದೇ, ನಾನು ಅವಳ ಬಲಗಡೆಗೆ ಬಿದ್ದೆ, ಕಾಣದ ಕಡೆಗೆ. ಅತ್ತೆ ಎಡಕ್ಕೆ ನೋಡಿದಳು, ಬಾಗಿಲು ನೋಡಿದಳು. “ಮಾ? ಮಾ?”

“ನಿಲ್ಲಿ, ನಿಲ್ಲಿ, ರಿವರ್ಸ್!” ಎಂದಳು ಅಕ್ಕ. ಜೀವಮಾನವೆಲ್ಲ ಇನ್ನೊಬ್ಬರ ಸ್ಟೇರಿಂಗ್ ಮೇಲೆ ಕಣ್ಣಿಟ್ಟವಳು. ಗಾಲಿ ಮಂಚವನ್ನು ತಾನೇ ಹಿಡಿದು, ಹಿಂದೆ ಎಳೆದು, ಆ ಇಕ್ಕಟ್ಟಿನಲ್ಲಿ ಪೂರಾ ತಿರುಗಿಸಿ, ಹಿಮ್ಮುಖವಾಗಿ ಬಾಗಿಲ ಕಡೆ ಒಯ್ಯತೊಡಗಿದಳು. ಈಗ ನಾನು ಅತ್ತೆಯ ಎಡಕ್ಕೆ ಬಂದೆ. ಅವಳ ಅರ್ಧ ಬಾಯಿ ನಕ್ಕಿತು.

“ಮಾ,” ಎಂದಳು. ಈ ಸಲ ಮೆಲ್ಲಗೆ, ಕೊನೆಯಲ್ಲಿ ತುಸು ಎಳೆದು.

ಇದಕ್ಕೆ ಏನು ಉತ್ತರ ಕೊಡಬೇಕು? ಒಂಬತ್ತು ಭಾಷೆಯನ್ನೂ ಜಾಲಾಡಿದೆ. ನಾಚಿ ಓಡಿಹೋದ ಹತ್ತನೆಯದನ್ನೂ ಕರೆದು ನೋಡಿದೆ. ಬಾಗಿಲ ರೆಕ್ಕೆ ಮುಚ್ಚಿಕೊಳ್ಳುತ್ತಿತ್ತು.

“ಮಾ,” ಎಂದೆ. “ಮಾ, ಮಾ.”

ಅತ್ತೆ ಎಡಗೈ ಎತ್ತಿ ಸರಿ ಎಂಬಂತೆ ಆಡಿಸಿದಳು. ಬಾಗಿಲು ಮುಚ್ಚಿತು.

ನರ್ಸಮ್ಮ ನನ್ನ ಎದೆಯ ಮೇಲಿನ ಕೈ ತೆಗೆದರು. ನನ್ನ ಬಾಯಿಯನ್ನೇ ನೋಡುತ್ತ ಎರಡು ಹೆಜ್ಜೆ ಹಿಂದೆ ಸರಿದು, ಪಡಸಾಲೆಯ ಕಡೆ ತಿರುಗಿ ಕೂಗಿಕೊಂಡರು: “ಡಾಕ್ಟರೇ, ಬೇಗ ಬನ್ನಿ! ಇವರಿಗೂ ಮಾತು ಹೋಯ್ತು!”